ಪದೇ ಪದೇ ಕೈಕೊಡುವ ರೌಟರ್: ದೋಷ ಶೋಧನೆ ಕಲಿಸುವ ಎರಡು ಅವಧಿಗಳ ಪಾಠ

ಪೀಠಿಕೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ವಿದ್ಯುಚ್ಛಕ್ತಿ’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಓಮ್‌ನ ನಿಯಮ, ರೋಧಕಗಳ ಜೋಡಣೆ ಮತ್ತು ಸಾಮರ್ಥ್ಯದ ಲೆಕ್ಕ, ಇಷ್ಟಕ್ಕೆ ಘಟಕ ಮುಗಿಸುತ್ತಾರೆ. ವಿದ್ಯಾರ್ಥಿಗೆ ಸೂತ್ರ ಬರುತ್ತದೆ, ಲೆಕ್ಕವೂ ಬರುತ್ತದೆ. ಆದರೆ ಮನೆಯ ಒಂದು ಉಪಕರಣ ಕೆಟ್ಟಾಗ ಆ ಸೂತ್ರವನ್ನು ಹಿಡಿದು ಯಾವ ಪ್ರಶ್ನೆ ಕೇಳಬೇಕೆಂಬುದು ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಇಲ್ಲಿ ಎರಡು ಅವಧಿಗಳ ಒಂದು ಪಾಠವನ್ನು ಕೊಡಲಾಗಿದೆ. ಪಾಠದ ವಸ್ತು ಇಂದು ಹಳ್ಳಿಯ ಮನೆಗಳಿಗೂ ಬಂದಿರುವ ವೈ-ಫೈ ರೌಟರ್. ಅದರಲ್ಲೂ ಪದೇ ಪದೇ ನಿಂತುಹೋಗುವ ರೌಟರ್.

ಪಾಠದ ನೆಲೆಯಾಗಿ ಹಾವೇರಿ ತಾಲ್ಲೂಕಿನ ಹೊಸರಿತ್ತಿಯನ್ನು ಇಟ್ಟುಕೊಂಡಿದ್ದೇವೆ. ವರದಾ ನದಿ ದಂಡೆಯ ಈ ಊರು ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ ಅವರ ಹುಟ್ಟೂರು. ಗಾಂಧಿ ಗ್ರಾಮೀಣ ಗುರುಕುಲ ಇರುವುದೂ ಇಲ್ಲಿಯೇ. ಕೈಕೆಲಸವನ್ನು ಕಲಿಕೆಯ ಕೇಂದ್ರದಲ್ಲಿ ಇಡಬೇಕೆಂದು 1937ರ ವಾರ್ಧಾ ಸಮ್ಮೇಳನ ಹೇಳಿದ ಮಾತನ್ನು ನಾವು ಶಿಕ್ಷಣ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಓದಿ ಬರೆಯುತ್ತೇವೆ. ಅಂದಿನ ಚರಕದ ಜಾಗದಲ್ಲಿ ಇಂದಿನ ಮನೆಯ ಉಪಕರಣವನ್ನು ಇಟ್ಟು ಅದೇ ಮಾತನ್ನು ಪ್ರಯತ್ನಿಸಬಹುದು. ರಾಣೆಬೆನ್ನೂರು, ಬ್ಯಾಡಗಿ ಭಾಗದ ಅಭ್ಯಾಸ ಶಾಲೆಗಳಲ್ಲಿಯೂ ಈ ಪಾಠ ಹೆಚ್ಚು ಬದಲಾವಣೆಯಿಲ್ಲದೆ ನಡೆಯುತ್ತದೆ.

ಈ ವಸ್ತು ಏಕೆ?

ರೌಟರ್ ನಿಂತರೆ ಮನೆಯವರು ಮಾಡುವ ಮೊದಲ ಕೆಲಸ ಒಂದೇ: ಸ್ವಿಚ್ ಆರಿಸಿ ಮತ್ತೆ ಹಚ್ಚುವುದು. ಅನೇಕ ಸಲ ಅದು ಸರಿಹೋಗುತ್ತದೆ. ನಾಳೆ ಮತ್ತೆ ನಿಲ್ಲುತ್ತದೆ. ಹೀಗೆ ಒಂದೆರಡು ತಿಂಗಳು ಕಳೆದ ಮೇಲೆ ‘ಡಬ್ಬಿ ಕೆಟ್ಟಿದೆ’ ಎಂದು ಹೊಸದನ್ನು ತರುತ್ತಾರೆ. ದೋಷ ಡಬ್ಬಿಯಲ್ಲಿ ಇಲ್ಲದಿದ್ದರೆ ಹೊಸ ಡಬ್ಬಿಯೂ ಹಾಗೆಯೇ ನಿಲ್ಲುತ್ತದೆ. ಕೂಲಿಯ ಹಣದಲ್ಲಿ ಹೊಸದನ್ನು ತಂದ ಮನೆಗೆ ಇದು ಸಣ್ಣ ನಷ್ಟವಲ್ಲ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವೇ ಸಂಪರ್ಕ ಕಡಿದರೆ ಆಗುವ ನಷ್ಟ ಇನ್ನೂ ದೊಡ್ಡದು.

ಆರಿಸಿ ಹಚ್ಚಿದರೆ ಏಕೆ ಸರಿಹೋಗುತ್ತದೆ? ರೌಟರ್ ಒಂದು ಪುಟ್ಟ ಗಣಕಯಂತ್ರ. ಅದಕ್ಕೆ ಸ್ಮರಣೆ ಇದೆ, ತಂತ್ರಾಂಶ ಇದೆ. ಆರಿಸಿ ಹಚ್ಚಿದಾಗ ಸ್ಮರಣೆ ಖಾಲಿಯಾಗುತ್ತದೆ, ಹೊರಗಿನ ಸಂಪರ್ಕ ಹೊಸದಾಗಿ ಕೂಡಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಆರಿಸಿಟ್ಟರೆ ಬಿಸಿಯೂ ಇಳಿಯುತ್ತದೆ. ತಂತ್ರಾಂಶದ ತೊಡಕು, ಕಾವು, ತಾತ್ಕಾಲಿಕವಾಗಿ ಕಡಿದ ಸಂಪರ್ಕ ಎಲ್ಲಕ್ಕೂ ಈ ಒಂದೇ ಉಪಾಯ ಕೆಲಸ ಮಾಡುತ್ತದೆ. ಆದ್ದರಿಂದಲೇ ಅದು ನಮಗೆ ಏನನ್ನೂ ತಿಳಿಸುವುದಿಲ್ಲ. ಎಲ್ಲ ಕಾರಣಗಳಿಗೂ ಹೊಂದುವ ಪರಿಹಾರ ಯಾವ ಕಾರಣವನ್ನೂ ಗುರುತಿಸಲಾರದು. ಈ ಪಾಠದಿಂದ ವಿದ್ಯಾರ್ಥಿ ಮನೆಗೆ ಒಯ್ಯಬೇಕಾದ ಮುಖ್ಯ ವಿಚಾರ ಇದು.

ಶಿಕ್ಷಕರ ವಿಷಯಜ್ಞಾನ: ದೋಷವಿರಬಹುದಾದ ನಾಲ್ಕು ನೆಲೆಗಳು

ಪಾಠಕ್ಕೆ ಮೊದಲು ಪ್ರಶಿಕ್ಷಣಾರ್ಥಿ ಈ ನಾಲ್ಕನ್ನು ಸ್ಪಷ್ಟವಾಗಿ ಬೇರ್ಪಡಿಸಿ ತಿಳಿದಿರಬೇಕು.

1. ವಿದ್ಯುತ್ ಪೂರೈಕೆ. ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ ಇರುತ್ತದೆ. ರೌಟರಿಗೆ ಬೇಕಾದದ್ದು ಬಹುಪಾಲು 12 ವೋಲ್ಟ್‌ನ, ಕೆಲವಕ್ಕೆ 9 ಅಥವಾ 5 ವೋಲ್ಟ್‌ನ ನೇರ ವಿದ್ಯುತ್. ಈ ಪರಿವರ್ತನೆ ಮಾಡುವುದು ಅಡಾಪ್ಟರ್. ಅದರ ಮೇಲೆ ‘100–240 ವೋಲ್ಟ್’ ಎಂದು ಮುದ್ರಿಸಿದ್ದರೆ, ಊರಿನಲ್ಲಿ ಸಂಜೆ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ತಡೆದುಕೊಳ್ಳುತ್ತದೆ. ಅದಕ್ಕೆ ಹೆಚ್ಚು ಪೆಟ್ಟು ಕೊಡುವುದು ಕರೆಂಟ್ ಹೋಗಿ ಬರುವಾಗಿನ ಏರಿಳಿತ, ಸಿಡಿಲಿನ ಹೊಡೆತ ಮತ್ತು ವರ್ಷಗಟ್ಟಲೆ ಬಿಡುವಿಲ್ಲದ ದುಡಿತ. ಅಡಾಪ್ಟರಿನೊಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ಕಾಲಕ್ರಮದಲ್ಲಿ ಒಣಗುತ್ತವೆ. ಆಗ ಹೊರೆಯಿಲ್ಲದಾಗ 12 ವೋಲ್ಟ್ ತೋರಿಸುವ ಅಡಾಪ್ಟರ್, ಹೊರೆ ಬಿದ್ದಾಗ ಕುಸಿಯಬಹುದು. ರೌಟರ್ ಪೂರ್ತಿ ಆರಿ, ಮತ್ತೆ ತಾನಾಗಿಯೇ ಹತ್ತಿಕೊಳ್ಳುತ್ತದೆ.

2. ಡಬ್ಬಿ ಮತ್ತು ಅದರ ಕಾವು. ರೌಟರ್ ಹಗಲು ರಾತ್ರಿ ನಡೆಯುವ ಯಂತ್ರ. ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಉಷ್ಣವೇ ಆಗುತ್ತದೆ. ಗಾಳಿಗಂಡಿಗಳ ಮೂಲಕ ಆ ಉಷ್ಣ ಹೊರಹೋಗಬೇಕು. ಧೂಳು ಬೀಳದಿರಲೆಂದು ಬಟ್ಟೆ ಹೊದಿಸಿದರೆ, ಟಿ.ವಿ.ಯ ಮೇಲೆ ಅಥವಾ ತಗಡಿನ ಚಾವಣಿಗೆ ತಾಗಿದಂತೆ ಇಟ್ಟರೆ ಕಾವು ಒಳಗೇ ಉಳಿಯುತ್ತದೆ. ಕಣದ ಧೂಳು, ಗೋವಿನಜೋಳದ ಹೊಟ್ಟು, ಮೆಣಸಿನಕಾಯಿಯ ಪುಡಿ ಗಂಡಿಗಳಲ್ಲಿ ಕೂತರೂ ಅಷ್ಟೆ. ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ.

3. ಹೊರಗಿನ ತಂತು. ಗಾಜಿನ ಎಳೆಯ ಸಂಪರ್ಕವಿದ್ದರೆ ಬೆಳಕು ಪೂರ್ಣಾಂತರಿಕ ಪ್ರತಿಫಲನದಿಂದ ಎಳೆಯೊಳಗೆ ಸಾಗುತ್ತದೆ. ಎಳೆಯನ್ನು ಬಾಗಿಲ ಸಂದಿಯಲ್ಲಿ ಚೂಪಾಗಿ ಮಡಚಿದರೆ ಬೆಳಕು ಅಲ್ಲಿ ಹೊರಸೋರುತ್ತದೆ. ಬೆಳಕು ಬಾರದಿದ್ದಾಗ ಡಬ್ಬಿಯ ಮೇಲೆ ‘ಎಲ್‌ಒಎಸ್’ ಗುರುತಿನ ಕೆಂಪು ದೀಪ ಹತ್ತುತ್ತದೆ ಅಥವಾ ಮಿನುಗುತ್ತದೆ. ಇಂಥ ದೋಷಕ್ಕೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ: ಎಳೆಯ ಮಡಿಕೆ ಬಿಡಿಸುವುದು, ಇಲ್ಲವೆ ಸೇವೆ ಕೊಡುವವರಿಗೆ ತಿಳಿಸುವುದು.

4. ಮನೆಯೊಳಗಿನ ಅಲೆ. ವೈ-ಫೈ ಬಳಸುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು. ಅವುಗಳ ತರಂಗದೂರ ಕ್ರಮವಾಗಿ ಸುಮಾರು 12.5 ಮತ್ತು 6 ಸೆಂಟಿಮೀಟರ್. ದಪ್ಪನೆಯ ಮಣ್ಣಿನ ಗೋಡೆ ಈ ಅಲೆಗಳನ್ನು ಹೀರುತ್ತದೆ; ಕಬ್ಬಿಣದ ತಿಜೋರಿ, ತಗಡಿನ ಕಣಜ ಅವನ್ನು ಪ್ರತಿಫಲಿಸಿ ಮರೆಮಾಡುತ್ತವೆ. 5 ಗಿಗಾಹರ್ಟ್ಸ್ ಅಲೆ ವೇಗ ಕೊಡುತ್ತದೆ, ಆದರೆ ಗೋಡೆ ದಾಟುವಾಗ ಹೆಚ್ಚು ಕುಂದುತ್ತದೆ. ಇಲ್ಲಿ ರೌಟರ್ ಕೆಟ್ಟಿರುವುದೇ ಇಲ್ಲ. ಅದರ ಜಾಗ ಮಾತ್ರ ಸರಿಯಿಲ್ಲ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
— ಒಂದು ಉಪಕರಣದ ದೋಷವನ್ನು ದಾಖಲೆಯಿಂದ ವರ್ಗೀಕರಿಸುತ್ತಾನೆ/ಳೆ;
— ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಬರಹವನ್ನು ಓದಿ ಸಾಮರ್ಥ್ಯ ಲೆಕ್ಕ ಹಾಕುತ್ತಾನೆ/ಳೆ;
— ಹೊರೆಯಿಲ್ಲದಾಗ ಮತ್ತು ಹೊರೆಯಿದ್ದಾಗ ವಿಭವಾಂತರ ಬೇರೆಯಾಗುವುದನ್ನು ಪ್ರಯೋಗದಿಂದ ತೋರಿಸುತ್ತಾನೆ/ಳೆ;
— ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವ ಕ್ರಮವನ್ನು ವಿವರಿಸುತ್ತಾನೆ/ಳೆ.

ಬೇಕಾದ ಸಾಮಗ್ರಿ

ಹಳೆಯ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಎರಡು (ಒಂದು ಸುಸ್ಥಿತಿಯದು, ಒಂದು ಸಂಶಯದ್ದು), ಮಲ್ಟಿಮೀಟರ್, ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 12 ವೋಲ್ಟ್, 5 ವ್ಯಾಟ್‌ನ ಎರಡು ಬಲ್ಬುಗಳು, ತಂತಿ, ದಾಖಲೆಯ ಚಾರ್ಟ್. ಅಡಾಪ್ಟರ್ ಸಿಗದಿದ್ದರೆ ಎರಡು ಹಳೆಯ ಟಾರ್ಚ್ ಸೆಲ್ಲು, ಎರಡು ಹೊಸ ಸೆಲ್ಲು ಮತ್ತು ಒಂದು ಟಾರ್ಚ್ ಬಲ್ಬು ಸಾಕು.

ಮೊದಲನೆಯ ಅವಧಿ (40 ನಿಮಿಷ): ದಾಖಲೆಯನ್ನು ಓದುವುದು

ಪಾಠ ಪ್ರವೇಶ (5 ನಿಮಿಷ). ‘ಮನೆಯಲ್ಲಿ ವೈ-ಫೈ ನಿಂತರೆ ಏನು ಮಾಡುತ್ತೀರಿ?’ ಎಂದು ಕೇಳಬೇಕು. ‘ಆರಿಸಿ ಹಚ್ಚತೇವ್ರಿ’, ‘ನೆಟ್‌ವರ್ಕ್ ಇಲ್ರಿ’, ‘ರೌಟರ್ ಕೆಟ್ಟೈತ್ರಿ’ ಎಂಬ ಉತ್ತರಗಳು ಬರುತ್ತವೆ. ಯಾವುದನ್ನೂ ತಪ್ಪೆನ್ನದೆ ಕಪ್ಪುಹಲಗೆಯ ಎಡಬದಿಯಲ್ಲಿ ಬರೆದು ಬಿಡಬೇಕು. ಇವುಗಳಲ್ಲಿ ಯಾವುದು ಮಾಡುವ ಕೆಲಸ, ಯಾವುದು ಕಾರಣದ ಊಹೆ ಎಂದು ತರಗತಿಯಿಂದಲೇ ಬೇರ್ಪಡಿಸಬೇಕು.

ದಾಖಲೆಯ ಮಂಡನೆ (15 ನಿಮಿಷ). ಕೆಳಗಿನ ಚಾರ್ಟನ್ನು ತೂಗುಹಾಕಬೇಕು. ಇದು ಪಾಠಕ್ಕಾಗಿ ರಚಿಸಿದ ದಾಖಲೆ. ಯಾವುದೇ ಒಂದು ಮನೆಯದಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕು.

ಸೋಮವಾರ, ಸಂಜೆ 7.10: ಎಲ್ಲ ದೀಪಗಳೂ ಒಮ್ಮೆಲೇ ಆರಿದವು, ಎರಡು ನಿಮಿಷದಲ್ಲಿ ತಾವಾಗಿಯೇ ಹತ್ತಿದವು. ಮೂರು ಫೋನುಗಳ ಬಳಕೆ ನಡೆದಿತ್ತು.
ಮಂಗಳವಾರ, ಮಧ್ಯಾಹ್ನ 2.30: ದೀಪಗಳೆಲ್ಲ ಸರಿ. ಅಡುಗೆಮನೆಯಲ್ಲಿ ಸಂಪರ್ಕ ಇಲ್ಲ, ಪಡಸಾಲೆಯಲ್ಲಿ ಇದೆ.
ಬುಧವಾರ, ಸಂಜೆ 7.25: ಎಲ್ಲ ದೀಪಗಳೂ ಆರಿ ಹತ್ತಿದವು. ಮೂರು ಫೋನು, ಒಂದರಲ್ಲಿ ವಿಡಿಯೊ.
ಗುರುವಾರ, ಬೆಳಿಗ್ಗೆ 6.00ರಿಂದ 7.00: ಒಂದೇ ಫೋನು. ತೊಂದರೆ ಇಲ್ಲ.
ಶುಕ್ರವಾರ, ಸಂಜೆ 7.05: ಎಲ್ಲ ದೀಪಗಳೂ ಆರಿ ಹತ್ತಿದವು. ಅದೇ ಹೊತ್ತಿಗೆ ಟಿ.ವಿ. ನಿಲ್ಲಲಿಲ್ಲ, ಮನೆಯ ದೀಪ ಮಿನುಗಲಿಲ್ಲ.
ಶನಿವಾರ, ಸಂಜೆ 4.00: ಗುಡುಗು ಮಳೆ. ಪವರ್ ದೀಪ ಇದೆ, ಕೆಂಪು ದೀಪ ಮಿನುಗುತ್ತಿದೆ. ಅರ್ಧ ಗಂಟೆಯ ನಂತರ ಸರಿಯಾಯಿತು.
ಭಾನುವಾರ: (ಖಾಲಿ)

ನಾಲ್ಕು ಜನರ ಗುಂಪುಗಳಲ್ಲಿ ಚರ್ಚೆ. ಪ್ರತಿ ಗುಂಪಿಗೆ ಮೂರು ಪ್ರಶ್ನೆ: ಯಾವ ದಿನಗಳು ಒಂದೇ ಬಗೆಯವು? ಬೇರೆಯಾಗಿರುವ ದಿನಗಳು ಯಾವುವು? ತೊಂದರೆ ಇಲ್ಲದ ಗುರುವಾರದ ಸಾಲನ್ನು ಏಕೆ ಬರೆದಿದ್ದಾರೆ?

ಸಂಗ್ರಹ ಚರ್ಚೆ (15 ನಿಮಿಷ). ಸೋಮ, ಬುಧ, ಶುಕ್ರ ಒಂದು ಗುಂಪು. ಮಂಗಳವಾರದ್ದು ಅಲೆಯ ತೊಂದರೆ, ಶನಿವಾರದ್ದು ಹೊರಗಿನ ತಂತುವಿನದು. ‘ರೌಟರ್ ಪದೇ ಪದೇ ಕೆಡುತ್ತದೆ’ ಎಂದು ಒಂದೇ ಮಾತಿನಲ್ಲಿ ಹೇಳಿದ್ದು ಮೂರು ಬೇರೆ ಬೇರೆ ತೊಂದರೆಗಳೆಂದು ಇಲ್ಲಿ ಕಾಣುತ್ತದೆ. ಹೊಸ ರೌಟರ್ ತಂದರೆ ಮಂಗಳವಾರದ ಗೋಡೆ ತೆಳುವಾಗುವುದಿಲ್ಲ, ಶನಿವಾರದ ತಂತು ಕೂಡಿಕೊಳ್ಳುವುದಿಲ್ಲ.

ಸಂಜೆಯ ಗುಂಪಿಗೆ ಕಾರಣ ಏನು? ಮೂರು ಊಹೆಗಳನ್ನು ಹಲಗೆಯ ಮೇಲೆ ಬರೆಯಬೇಕು: ಊರಿನ ವೋಲ್ಟೇಜ್ ಇಳಿತ, ಡಬ್ಬಿಯ ಕಾವು, ಅಡಾಪ್ಟರಿನ ದೌರ್ಬಲ್ಯ. ಪ್ರತಿಯೊಂದಕ್ಕೂ ದಾಖಲೆಯಲ್ಲಿ ಪರವಾದ ಸಾಲು ಯಾವುದು, ವಿರುದ್ಧವಾದ ಸಾಲು ಯಾವುದು ಎಂದು ಕೇಳಬೇಕು. ಟಿ.ವಿ. ನಿಲ್ಲಲಿಲ್ಲ ಎಂಬುದು ಮೊದಲನೆಯ ಊಹೆಯನ್ನು ಸಡಿಲಿಸುತ್ತದೆ. ಬಿಸಿಲಿನ ಮಧ್ಯಾಹ್ನ 2.30ಕ್ಕೆ ದೀಪಗಳೆಲ್ಲ ಸರಿಯಿದ್ದವು ಎಂಬುದು ಎರಡನೆಯದನ್ನು ಸಡಿಲಿಸುತ್ತದೆ. ಬೆಳಿಗ್ಗೆ ಒಂದು ಫೋನಿದ್ದಾಗ ತೊಂದರೆಯಿಲ್ಲ, ಸಂಜೆ ಮೂರಿದ್ದಾಗ ಇದೆ ಎಂಬುದು ಮೂರನೆಯದಕ್ಕೆ ಬಲ ಕೊಡುತ್ತದೆ. ಗುರುವಾರದ ಸಾಲಿನ ಬೆಲೆ ಈಗ ತಿಳಿಯುತ್ತದೆ. ಕೆಟ್ಟ ದಿನಗಳನ್ನಷ್ಟೇ ಬರೆದಿದ್ದರೆ ಈ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ.

ಇಲ್ಲಿ ಪ್ರಶಿಕ್ಷಣಾರ್ಥಿ ‘ಹಾಗಾದರೆ ಅಡಾಪ್ಟರೇ ಕೆಟ್ಟಿದೆ’ ಎಂದು ತೀರ್ಪು ಕೊಡಬಾರದು. ದಾಖಲೆ ಸಂಶಯವನ್ನು ಒಂದು ಕಡೆಗೆ ತಿರುಗಿಸಿದೆ, ಸಾಬೀತು ಮಾಡಿಲ್ಲ. ಭಾನುವಾರದ ಖಾಲಿ ಸಾಲು ಇರುವುದು ಇದಕ್ಕೇ.

ಮುಕ್ತಾಯ (5 ನಿಮಿಷ). ‘ಭಾನುವಾರ ಸಂಜೆ ಒಂದೇ ಒಂದು ಬದಲಾವಣೆ ಮಾಡಲು ಅವಕಾಶವಿದ್ದರೆ ಏನು ಬದಲಿಸುತ್ತೀರಿ? ಏನಾದರೆ ನಿಮ್ಮ ಊಹೆ ಸುಳ್ಳಾಗುತ್ತದೆ?’ ಉತ್ತರವನ್ನು ಎರಡು ವಾಕ್ಯದಲ್ಲಿ ಬರೆದು ತರಲು ಹೇಳಬೇಕು.

ಎರಡನೆಯ ಅವಧಿ (40 ನಿಮಿಷ): ಹೊರೆಯಿಟ್ಟು ಅಳೆಯುವುದು

ಬರಹ ಓದುವುದು (10 ನಿಮಿಷ). ಅಡಾಪ್ಟರಿನ ಮೇಲಿನ ‘12 ವೋಲ್ಟ್, 1 ಆಂಪಿಯರ್’ ಎಂಬುದನ್ನು ಓದಿಸಬೇಕು. ಸಾಮರ್ಥ್ಯ = ವಿಭವಾಂತರ × ವಿದ್ಯುತ್ ಪ್ರವಾಹ; 12 × 1 = 12 ವ್ಯಾಟ್. ಇದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ರೌಟರ್ ಯಾವಾಗಲೂ ಅಷ್ಟನ್ನೇ ಎಳೆಯುತ್ತದೆ ಎಂದಲ್ಲ. ರೌಟರ್ ಸರಾಸರಿ 8 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ 30 ದಿನಕ್ಕೆ 8 × 24 × 30 = 5760 ವ್ಯಾಟ್-ಗಂಟೆ, ಅಂದರೆ 5.76 ಯೂನಿಟ್. ಪಠ್ಯದ ಲೆಕ್ಕ ಇಲ್ಲಿ ಮನೆಯ ಬಿಲ್ಲಿಗೆ ಬಂದು ಸೇರುತ್ತದೆ.

ಪ್ರಯೋಗ (20 ನಿಮಿಷ). ಅಡಾಪ್ಟರನ್ನು ಸಾಕೆಟ್ಟಿಗೆ ಹಾಕುವುದು, ತೆಗೆಯುವುದು ಶಿಕ್ಷಕರ ಕೆಲಸ. ಅಳತೆ 12 ವೋಲ್ಟ್‌ನ ನೇರ ವಿದ್ಯುತ್ತಿನ ತುದಿಯಲ್ಲಿ ಮಾತ್ರ.

ಹಂತ 1: ಏನನ್ನೂ ಜೋಡಿಸದೆ ಅಳೆಯಿರಿ.
ಹಂತ 2: ಒಂದು 5 ವ್ಯಾಟ್ ಬಲ್ಬು ಜೋಡಿಸಿ ಅಳೆಯಿರಿ. ಪ್ರವಾಹ 5 ÷ 12, ಸುಮಾರು 0.42 ಆಂಪಿಯರ್.
ಹಂತ 3: ಎರಡನೆಯ ಬಲ್ಬನ್ನು ಸಮಾಂತರವಾಗಿ ಜೋಡಿಸಿ ಅಳೆಯಿರಿ. ಪ್ರವಾಹ ಸುಮಾರು 0.83 ಆಂಪಿಯರ್.

ಎರಡೂ ಅಡಾಪ್ಟರುಗಳಿಗೆ ಮೂರು ಮೂರು ಅಳತೆ ಬರೆಯಬೇಕು. ಸುಸ್ಥಿತಿಯ ಅಡಾಪ್ಟರ್ ಮೂರು ಹಂತದಲ್ಲೂ 12ರ ಆಸುಪಾಸಿನಲ್ಲೇ ನಿಲ್ಲುತ್ತದೆ. ದುರ್ಬಲವಾದದ್ದು ಮೊದಲ ಹಂತದಲ್ಲಿ 12 ತೋರಿಸಿ, ಹೊರೆ ಏರಿದಂತೆ ಇಳಿಯುತ್ತದೆ. ಇಲ್ಲವೆ ಬಲ್ಬು ಮಿನುಗುತ್ತದೆ. ಸೆಲ್ಲುಗಳಿಂದ ಮಾಡುವುದಾದರೆ ಹಳೆಯ ಸೆಲ್ಲು ಬಲ್ಬಿಲ್ಲದಾಗ ಹೊಸದಕ್ಕೆ ಹತ್ತಿರದ ಅಳತೆಯನ್ನೇ ತೋರಿಸುತ್ತದೆ. ಬಲ್ಬು ಜೋಡಿಸಿದೊಡನೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಆಂತರಿಕ ರೋಧ ಎಂಬ ಪದ ಈ ತರಗತಿಗೆ ಕಡ್ಡಾಯವಲ್ಲ. ‘ಆಕರದ ಒಳಗೂ ಸ್ವಲ್ಪ ರೋಧವಿದೆ, ಪ್ರವಾಹ ಹೆಚ್ಚಿದಂತೆ ಒಳಗೇ ಕಳೆದುಹೋಗುವ ವೋಲ್ಟ್ ಹೆಚ್ಚುತ್ತದೆ’ ಎಂದರೆ ಸಾಕು. ಕುಡಿಯುವ ನೀರಿನ ನಲ್ಲಿಯ ಹೋಲಿಕೆ ಮಕ್ಕಳಿಗೆ ಬೇಗ ಹಿಡಿಸುತ್ತದೆ: ಓಣಿಯಲ್ಲಿ ಒಂದೇ ನಲ್ಲಿ ತೆರೆದಾಗ ಧಾರೆ ಜೋರು, ಎಲ್ಲರೂ ತೆರೆದಾಗ ಸಣ್ಣದು.

ಭಾನುವಾರದ ಸಾಲು (5 ನಿಮಿಷ). ಈಗ ವಿದ್ಯಾರ್ಥಿಗಳು ತಂದ ಉತ್ತರಗಳಿಗೆ ಮರಳಬೇಕು. ಅಡಾಪ್ಟರ್ ಮಾತ್ರ ಬದಲಿಸಿ, ರೌಟರಿನ ಜಾಗ, ಫೋನುಗಳ ಸಂಖ್ಯೆ, ಸಮಯ ಎಲ್ಲವನ್ನೂ ಹಾಗೇ ಇಡುವುದು ಸರಿಯಾದ ಪರೀಕ್ಷೆ. ಅಡಾಪ್ಟರ್ ಬದಲಿಸಿ, ಜಾಗವನ್ನೂ ಬದಲಿಸಿ, ಧೂಳನ್ನೂ ಒರೆಸಿದರೆ ರೌಟರ್ ಸರಿಹೋದೀತು. ಏಕೆ ಸರಿಹೋಯಿತೆಂದು ತಿಳಿಯದು. ಒಂದು ಸಂಜೆ ಸರಿಯಿದ್ದರೆ ಸಾಲದು, ಕನಿಷ್ಠ ಒಂದು ವಾರ ನೋಡಬೇಕು ಎಂಬುದನ್ನೂ ತರಗತಿಯಿಂದಲೇ ಹೊರಡಿಸಬೇಕು.

ಬದಲಿ ಅಡಾಪ್ಟರಿನ ನಿಯಮವನ್ನು ಹಲಗೆಯ ಮೇಲೆ ಬರೆಸಬೇಕು: ವೋಲ್ಟ್ ಅದೇ ಇರಬೇಕು; ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು; ಧನ-ಋಣ ತುದಿಗಳ ಗುರುತು ಒಂದೇ ಇರಬೇಕು. 12 ವೋಲ್ಟ್‌ನದನ್ನು 5 ವೋಲ್ಟ್‌ನ ಡಬ್ಬಿಗೆ ಹಾಕಿದರೆ ಡಬ್ಬಿ ಸುಟ್ಟುಹೋದೀತು.

ಮೌಲ್ಯಮಾಪನ (5 ನಿಮಿಷ). 1) ಪವರ್ ದೀಪ ಹತ್ತಿದೆ, ಕೆಂಪು ದೀಪ ಮಿನುಗುತ್ತಿದೆ. ಅಡಾಪ್ಟರ್ ಬದಲಿಸುವಿರಾ? ಏಕೆ? 2) ಹೊರೆಯಿಲ್ಲದೆ 12 ವೋಲ್ಟ್ ತೋರಿಸಿತು ಎಂದು ಅಡಾಪ್ಟರ್ ಚೆನ್ನಾಗಿದೆ ಎನ್ನಬಹುದೇ? 3) ತಿಜೋರಿಯ ಹಿಂದಿನ ರೌಟರಿಗೆ ನಿಮ್ಮ ಮೊದಲ ಸಲಹೆ ಏನು?

ಸುರಕ್ಷತೆ ಮತ್ತು ಎಚ್ಚರ

ಅಡಾಪ್ಟರನ್ನು ಎಂದಿಗೂ ಬಿಚ್ಚಬಾರದು, ಬಿಚ್ಚಿಸಬಾರದು. ಪ್ಲಗ್ಗಿನಿಂದ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುದಂಶ ಉಳಿದಿರಬಹುದು. ಮಲ್ಟಿಮೀಟರಿನ ಕೆಂಪು ತಂತಿ ಆಂಪಿಯರಿನ ರಂಧ್ರದಲ್ಲಿದ್ದಾಗ ವೋಲ್ಟ್ ಅಳೆಯಲು ಹೋದರೆ ಹ್ರಸ್ವಮಂಡಲವಾಗುತ್ತದೆ. ಇದನ್ನು ಪಾಠಕ್ಕೆ ಮೊದಲು ಎರಡು ಸಲ ನೋಡಿಕೊಳ್ಳಬೇಕು. ಗುಡುಗು ಆರಂಭವಾಗುವ ಮೊದಲೇ ರೌಟರಿನ ಪ್ಲಗ್ ತೆಗೆಯುವುದು, ತಾಮ್ರದ ತಂತಿಯ ಸಂಪರ್ಕವಿದ್ದರೆ ಅದನ್ನೂ ಬಿಡಿಸುವುದು ಏಪ್ರಿಲ್, ಮೇ ತಿಂಗಳ ಮಳೆಗೆ ಒಳ್ಳೆಯ ರೂಢಿ. ಗುಡುಗುತ್ತಿರುವಾಗ ಹೋಗಿ ಕೀಳಬಾರದು.

ಎಲ್ಲ ಮಕ್ಕಳ ಮನೆಯಲ್ಲೂ ರೌಟರ್ ಇರುವುದಿಲ್ಲ. ಆದ್ದರಿಂದ ‘ನಿಮ್ಮ ರೌಟರಿನ ದಾಖಲೆ ತನ್ನಿ’ ಎಂಬ ಮನೆಗೆಲಸ ಬೇಡ. ಟಾರ್ಚು, ಸೈಕಲ್ಲು, ಮೋಟಾರ್ ಪಂಪು, ಫೋನ್ ಚಾರ್ಜರ್, ಹೀಗೆ ಆಗಾಗ ಕೈಕೊಡುವ ಯಾವುದಾದರೂ ಒಂದರ ಏಳು ದಿನದ ದಾಖಲೆ ಎಂದರೆ ಎಲ್ಲರಿಗೂ ಆಗುತ್ತದೆ. ಮಕ್ಕಳು ಅದನ್ನು ನೋಡಿ ಬರೆಯಬೇಕೇ ಹೊರತು ತಂತಿ, ಪ್ಲಗ್ಗುಗಳನ್ನು ಮುಟ್ಟಬಾರದು. ನಿಜವಾಗಿಯೂ ಕೆಟ್ಟ ಡಬ್ಬಿ, ಅಡಾಪ್ಟರುಗಳನ್ನು ತಿಪ್ಪೆಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕೆಂಬ ಮಾತನ್ನೂ ಸೇರಿಸಬಹುದು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಅವಲೋಕನ ಮಾಡುವ ಮಾರ್ಗದರ್ಶಕರಿಗೆ

ಈ ಪಾಠ ಕೆಡುವ ಜಾಗಗಳು ಮೂರು. ಒಂದು, ಗಿಗಾಹರ್ಟ್ಸ್, ಕೆಪಾಸಿಟರ್ ಮುಂತಾದ ಪದಗಳ ವಿವರಣೆಯಲ್ಲೇ ಮೊದಲ ಅವಧಿ ಕಳೆದುಹೋಗುವುದು. ವಿಷಯಜ್ಞಾನದ ಭಾಗ ಶಿಕ್ಷಕರ ಬೆನ್ನಿಗಿರಲಿ, ಬಾಯಿಗೆ ಬೇಡ. ಎರಡು, ಒಬ್ಬ ಜಾಣ ವಿದ್ಯಾರ್ಥಿ ‘ಅಡಾಪ್ಟರ್’ ಎಂದೊಡನೆ ‘ಶಹಬ್ಬಾಸ್’ ಎಂದು ಚರ್ಚೆ ಮುಗಿಸುವುದು. ‘ಯಾವ ಸಾಲಿನಿಂದ ಹೇಳಿದೆ?’ ಎಂಬ ಮರುಪ್ರಶ್ನೆ ಬಂದಿತೇ ಎಂದು ಗುರುತು ಹಾಕಿಕೊಳ್ಳಿ. ಮೂರು, ಪ್ರಯೋಗದ ಅಳತೆ ನಿರೀಕ್ಷೆಯಂತೆ ಬಾರದಾಗ ಪ್ರಶಿಕ್ಷಣಾರ್ಥಿ ಅದನ್ನು ಮರೆಮಾಚುವುದು. ಸಂಶಯದ ಅಡಾಪ್ಟರ್ ಹೊರೆಯಲ್ಲೂ ಗಟ್ಟಿಯಾಗಿ ನಿಂತರೆ ಅದೂ ಒಂದು ಫಲಿತಾಂಶ. ಊಹೆ ಬಿದ್ದಿತು, ಮುಂದಿನ ಊಹೆಗೆ ಹೋಗೋಣ ಎಂದು ಹೇಳುವ ಧೈರ್ಯಕ್ಕೆ ಪ್ರತ್ಯೇಕ ಅಂಕ ಕೊಡಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಕೊನೆಯ ಒಂದು ಮಾತು. ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಎರಡು ಪದಗಳನ್ನು ನಾವು ದಾಖಲೆ ಪುಸ್ತಕದಲ್ಲಿ ಒಟ್ಟಿಗೆ ಬರೆಯುತ್ತೇವೆ. ತರಗತಿಯಲ್ಲಿ ಮಾತ್ರ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಧಾವಿಸುತ್ತೇವೆ. ಭಿನ್ನರಾಶಿಯ ಲೆಕ್ಕ ತಪ್ಪಿದ ಹತ್ತು ಮಕ್ಕಳಿಗೂ ಅದೇ ಪಾಠವನ್ನು ಮತ್ತೊಮ್ಮೆ ಮಾಡುವುದು ರೌಟರನ್ನು ಆರಿಸಿ ಹಚ್ಚಿದಂತೆ. ಕೆಲವರಿಗೆ ಹೊಂದುತ್ತದೆ, ಏಕೆ ಹೊಂದಿತೆಂದು ತಿಳಿಯುವುದಿಲ್ಲ, ಮುಂದಿನ ವಾರ ಅದೇ ತಪ್ಪು ಮರಳುತ್ತದೆ. ಒಂದು ಮಗುವಿಗೆ ಛೇದ ಎಂದರೇನೆಂದು ತಿಳಿದಿಲ್ಲ. ಇನ್ನೊಂದಕ್ಕೆ ಮಗ್ಗಿ ಬಾರದು. ಮತ್ತೊಂದಕ್ಕೆ ಹಿಂದಿನ ಬೆಂಚಿನಿಂದ ಹಲಗೆ ಕಾಣದು. ಮಗುವಿನ ತಪ್ಪುಗಳನ್ನೂ ಏಳು ದಿನ ಬರೆದಿಡಿ, ಸರಿಮಾಡಿದ ಲೆಕ್ಕಗಳನ್ನೂ ಬರೆದಿಡಿ. ಪರಿಹಾರ ಬೋಧನೆಯ ಯೋಜನೆಯನ್ನು ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಬರೆಯಿರಿ.